ಲೆಕ್ಕಕ್ಕಿಂತ ಮೂರು ಪಟ್ಟು

ಸುಜನ್ ಒಬ್ಬನೇ ಬಂದಿದ್ದ. ಬೈಕಿನ ಹಿಂದಿನ ಸೀಟು ಖಾಲಿ ಇದ್ದದ್ದನ್ನು ಅನಿಷಾ ಕಿಟಕಿಯಿಂದ ಕಂಡಳು. ಈ ರಜೆಯಲ್ಲಿ ಬ್ರಹ್ಮಾವರದಿಂದ ಅಮ್ಮನನ್ನು ಕರೆದುಕೊಂಡು ಕಿರಿಮಂಜೇಶ್ವರಕ್ಕೆ ಹೆಣ್ಣು ಕೇಳಲು ಬರುತ್ತೇನೆ ಎಂದವನು ಅವನೇ ಅಲ್ಲವೇ?

ಮುಂಬೈ ಕಡಲಿನ ರಿಗ್‌ನಲ್ಲಿ ತೈಲದ ಬಾವಿ ಕೊರೆಯುವವನು ಅವನು. ಕೊರೆಯುವಾಗ ಮೇಲೆ ಬರುವ ಗ್ಯಾಸ್ ಅಳೆಯುವವಳು ಇವಳು. ಹದಿನೈದು ದಿನದ ಹಿಂದೆ, ಎಲ್ಲರೂ ಕೇಳುವ ಹಾಗೆ, ಇವಳು "ನಿಲ್ಲಿಸಿ" ಎಂದಿದ್ದಳು. "ಕೊರೆದ ಕಲ್ಲಿನ ಗ್ಯಾಸ್ ಅಷ್ಟೇ" ಎಂದು ಅವನು ವಾದ ಹೂಡಿ, ಕೊನೆಗೆ ಮುಖ ಗಂಟು ಹಾಕಿಕೊಂಡು ನಿಲ್ಲಿಸಿದ್ದ. ಇವಳ ಲೆಕ್ಕವೇ ಸರಿಯಾಯಿತು. ಅಂದಿನಿಂದ ಮಾತಿಲ್ಲ.

ಅವನನ್ನು ಬಿಟ್ಟರೆ ಇನ್ನೊಬ್ಬನನ್ನು ಮನಸ್ಸು ಒಪ್ಪದು ಎಂದು ಅವಳಿಗೆ ಗೊತ್ತು. ಆದರೂ ಕ್ಷಮೆಯಂತೂ ಕೇಳುವುದಿಲ್ಲ ಎಂದುಕೊಂಡು ಜಡೆ ಹಿಂದಕ್ಕೆಸೆದು ಹೊರಗೆ ಬಂದಳು.

"ಬನಿ, ಕೂಕಣಿ," ಎಂದಳು ಅವಳ ಅಮ್ಮ ಜಲಜ. ಮೀನು ಮಾರಿ ಆಗಷ್ಟೇ ಮನೆಗೆ ಬಂದಿದ್ದಳು. "ನಮ್ಮ ಹೆಣ್ಣ್ ಅಲ್ಲ್ ಎಂತ ಮಾಡತ್ತ್? ಕೇಂಡ್ರೆ ನಿಂಗ್ ಅರ್ಥ ಆತಿಲ್ಲೆ ಅಂತ್."

ಸುಜನ್ ಕೂರಲಿಲ್ಲ. ಬಾವಿಕಟ್ಟೆಯ ಮುರಕಲ್ಲಿನ ಮೇಲೆ ಕೈಯಿಟ್ಟ.

"ಕಾಣಿ ಅಮ್ಮಾ, ಇದ್ರಗೆ ತೂತ್ ಇತ್ತಲ್ದಾ, ಕಡಲಡಿಯ ಕಲ್ಲಗೂ ಇತ್ತ್. ಅದ್ರೊಳ್ಗೆ ಗ್ಯಾಸ್. ಇಷ್ಟ್ ಕಲ್ಲ್ ಕೊರ್ದ್ರೆ ಇಷ್ಟೇ ಗ್ಯಾಸ್ ಬರ್ಕ್ ಅಂತ ಇವ್ರ್ ಲೆಕ್ಕ ಹಾಕ್ತ್ರ್. ಅಷ್ಟೇ ಬಂದ್ರೆ ಅಡ್ಡಿಲ್ಲೆ. ಆವತ್ತ್ ಮೂರ್ ಪಟ್ಟ್ ಬಂತ್. ಅಂದ್ರೆ ಸುತ್ತಲಿನ ಕಲ್ಲಿಂದ್ಲೂ ಬಾವಿಗೆ ನುಗ್ತಾ ಇತ್ತ್. ನಾನ್ ಕೇಂಡಿಲ್ಲೆ, ಇವ್ರ್ ಬಿಟ್ಟಿಲ್ಲೆ. ಬಿಟ್ಟಿದ್ರೆ ಬೆಂಕಿ ಹೊತ್ಕಂಡ್ ರಿಗ್ಗಿನ ಎಪ್ಪತ್ತ್ ಜನ ಮನೆಗೆ ಬತ್ತಿರ್ಲಿಲ್ಲೆ. ನಾನೂ ಸೇರಿ."

ಅನಿಷಾಳ ಕಣ್ಣು ತುಂಬಿತು, ತಲೆ ಮಾತ್ರ ಇನ್ನಷ್ಟು ನೆಟ್ಟಗಾಯಿತು.

"ಹಂಗಾರೆ ಹದ್ನೈದ್ ದಿನ ಎಂತಕೆ ಬಾಯಿಗ್ ಬೀಗ ಹಾಕ್ಕಂಡಿದ್ರಿ?"

"ನಾಚ್ಕಿ. ತಪ್ಪ್ ಒಪ್ಪದೆ ಹೆಣ್ಣ್ ಕೇಂಬುಕೆ ಯಾವ ಮೋರೆ ಹೊತ್ಕಂಡ್ ಬಪ್ದ್? ಅದ್ಕೇ ಇವತ್ತ್ ಒಬ್ನೇ ಬಂದೆ. ನೀವ್ ಹೂಂ ಅಂದ್ರೆ ಅಮ್ಮ ನಾಳೆ ಬತ್ರ್." ಇಷ್ಟು ಹೇಳಿ ಅವನು ಮೆಲ್ಲಗೆ ಅವಳ ಕಡೆ ನೋಡಿದ. ಅವಳು ಬೇಕೆಂದೇ ಬಾವಿಯನ್ನು ನೋಡಿದಳು.

"ಇನ್ನೊಂದ್ ಸಲ ನಾನ್ ನಿಲ್ಸಿ ಅಂದ್ರೆ?"

"ವಾದ ಮಾಡ್ತೆ," ಎಂದ ಸುಜನ್, ಕಣ್ಣಲ್ಲೇ ನಗುತ್ತಾ. "ಆರೆ ಮೊದ್ಲ್ ನಿಲ್ಸ್ತೆ. ವಾದ ಎಲ್ಲ ಮತ್ತೆ."

"ಹಂಗಾರೆ ಕರ್ಕಂಡ್ ಬನ್ನಿ," ಎಂದಳು ಅನಿಷಾ.

ಜಲಜ ಆಗಲೇ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಗೆ ಕೂಗುತ್ತಿದ್ದಳು. "ಹ್ವಾಯ್ ಪದ್ದಕ್ಕಾ! ಕೇಂಡ್ರಿಯಾ? ನಮ್ಮ ಹೆಣ್ಣ್ ಲೆಕ್ಕ ಹಾಕಿ ಎಪ್ಪತ್ತ್ ಜನನ್ನ ಉಳ್ಸಿತಂಬ್ರ್!"

ಮದುವೆಯ ಸುದ್ದಿ ಅವಳಿಗೆ ನೆನಪಾದದ್ದು ಆಮೇಲೆ.