ಟ್ರಾಮಿನಲ್ಲಿ ಕೇಳದೆ ಬಿಟ್ಟ ಟಿಕೆಟ್

"ಟಿಕೆಟ್ ತೋರಿಸಿ, ಟಿಕೆಟ್!"

ಲೋವಿಸಾ ಜಾಕೆಟ್ಟಿನ ಜೇಬಿಗೆ ಕೈ ಹಾಕಿದಳು. ಇಲ್ಲ. ಇನ್ನೊಂದು ಜೇಬು ತಡಕಿದಳು. ಅಲ್ಲೂ ಇಲ್ಲ. ಟ್ರಾಮ್ ಕಾರ್ಡು ನಿನ್ನೆಯ ಕೋಟಿನಲ್ಲೇ ಉಳಿದುಬಿಟ್ಟಿತ್ತು.

"ರಾಹ್ವಾ, ನನ್ ಕಾರ್ಡ್ ಮನೇಲೇ ಇದೆ ಕಣೇ," ಎಂದು ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಪಿಸುಗುಟ್ಟಿದಳು.

"ಅಯ್ಯೋ! ಬ್ಯಾಗಲ್ಲಿ ನೋಡೇ!"

ಬ್ಯಾಗಿನಲ್ಲಿ ಸುತ್ತಿಟ್ಟ ಪೋಸ್ಟರ್ ಮಾತ್ರ ಇತ್ತು. ಇವತ್ತು ಚೌಕದಲ್ಲಿ ಶಾಲಾ ಮಕ್ಕಳ ಸಭೆ. ಮೈಬಣ್ಣ ನೋಡಿ ಭೇದ ಮಾಡಬಾರದು ಎಂದು ಟೀಚರ್ ಗುನ್ವೋರ್ ವಾರವಿಡೀ ಪಾಠ ಮಾಡಿದ್ದರು. ಲೋವಿಸಾ ಆಸೆಪಟ್ಟು ಪೋಸ್ಟರ್ ಬರೆದಿದ್ದಳು. ಆದರೆ ಅದೆಲ್ಲ ಎಲ್ಲೋ ದೂರದ ದೇಶದ, ಹಳೇ ಕಾಲದ ಸಂಗತಿ ಎಂದೇ ಅಂದುಕೊಂಡಿದ್ದಳು.

ನೀಲಿ ಜಾಕೆಟ್ಟಿನ ಚೆಕಿಂಗ್ ಮೇಡಂ ಹತ್ತಿರ ಬಂದರು. ಲೋವಿಸಾ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. ದಂಡ ಹಾಕ್ತಾರಾ? ಅಮ್ಮನಿಗೆ ಫೋನ್ ಮಾಡ್ತಾರಾ?

ಮೇಡಂ ಅವಳ ಚಿನ್ನದ ಬಣ್ಣದ ಕೂದಲು ನೋಡಿ ನಕ್ಕರು. ಆಮೇಲೆ ಪಕ್ಕದ ರಾಹ್ವಾಳ ಕಡೆ ತಿರುಗಿದರು. ನಗು ಮಾಯವಾಗಿತ್ತು.

"ಎಲ್ಲಿ ನಿನ್ನ ಟಿಕೆಟ್?"

ರಾಹ್ವಾ ಕಾರ್ಡನ್ನು ಮೊದಲೇ ಮುಷ್ಟಿಯಲ್ಲಿ ಹಿಡಿದಿದ್ದಳು. ಮೆಷಿನ್ ಬೀಪ್ ಎಂದಿತು.

"ನಿಂದೇನಾ ಇದು? ಹೆಸರೇನು? ಎಲ್ಲಿಗೆ ಹೊರಟಿದೀಯ?"

ರಾಹ್ವಾ ಹುಟ್ಟಿದ್ದು ಈ ಸ್ವೀಡನ್ನಿನಲ್ಲೇ. ಅಪ್ಪ ಅಮ್ಮ ಮಾತ್ರ ಆಫ್ರಿಕಾದ ಎರಿಟ್ರಿಯಾದವರು. ಅವಳು ತಲೆ ತಗ್ಗಿಸಿ ಎಲ್ಲಕ್ಕೂ ಉತ್ತರ ಕೊಟ್ಟಳು. ಮೇಡಂ ಮುಂದೆ ಹೋದರು.

ಬಚಾವಾದೆ! ಲೋವಿಸಾ ನಗುತ್ತಾ ತಿರುಗಿದಳು. ರಾಹ್ವಾ ನಗುತ್ತಿರಲಿಲ್ಲ. ಲೋವಿಸಾಳ ಕಿವಿ ಬಿಸಿಯಾಯಿತು.

"ಮೇಡಂ, ನನ್ನ ಕೇಳ್ಲೇ ಇಲ್ವಲ್ಲ ನೀವು?"

"ಸುಮ್ನಿರೇ!" ರಾಹ್ವಾ ಚಿವುಟಿದಳು.

"ನನ್ ಹತ್ರ ಟಿಕೆಟ್ ಇಲ್ಲ. ಇವಳ ಹತ್ರ ಇದೆ. ಇವಳೊಬ್ಬಳನ್ನೇ ಯಾಕೆ ಕೇಳಿದ್ರಿ?"

ಟ್ರಾಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಕತ್ತು ಕೆಂಪಾಯಿತು.

"ಹಾಗೇನಿಲ್ಲಮ್ಮ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತಲ್ಲ, ಒಳ್ಳೇ..." ಮಾತು ಅಲ್ಲೇ ನಿಂತಿತು. ಮೇಡಂ ಮೆಷಿನ್ನಿನ ಕಡೆ ನೋಡುತ್ತಾ, "ಟಿಕೆಟ್ ಇಲ್ದಿದ್ರೆ ಮುಂದಿನ ಸ್ಟಾಪಲ್ಲಿ ಇಳ್ಕೋ," ಎಂದರು.

ಇಬ್ಬರೂ ಇಳಿದರು. ತಣ್ಣನೆ ಗಾಳಿ ಬೀಸುತ್ತಿತ್ತು. ರಾಹ್ವಾ ಬಿರಬಿರನೆ ನಡೆದಳು.

"ಕೋಪಾನಾ?"

"ಮತ್ತೆ? ಎಲ್ರೂ ನನ್ನೇ ನೋಡೋ ಹಾಗೆ ಮಾಡ್ದೆ. ನನ್ನ ಒಂದ್ ಮಾತೂ ಕೇಳ್ಲಿಲ್ಲ."

"ಸಾರಿ ಕಣೇ." ಲೋವಿಸಾ ಮೆಲ್ಲಗೆ ಕೇಳಿದಳು, "ನಿಂಗೆ ಯಾವಾಗ್ಲೂ ಹೀಗೇನಾ?"

"ಯಾವಾಗ್ಲೂ ಅಲ್ಲ. ಯಾವತ್ತು ಅಂತ ಗೊತ್ತಾಗಲ್ಲ, ಅಷ್ಟೇ. ಅದಕ್ಕೇ ಹತ್ತೋವಾಗ್ಲೇ ಕಾರ್ಡ್ ಕೈಲಿ ಹಿಡ್ಕೊಂಡಿರ್ತೀನಿ. ಆದ್ರೂ ಭಯ ಆಗುತ್ತೆ."

ಲೋವಿಸಾ ಅವಳ ಜೊತೆ ಹೆಜ್ಜೆ ಹಾಕಿದಳು. ಕಾರ್ಡ್ ಇಲ್ಲದೆ ತನಗೆ ಒಂದು ಸಲ ಆದ ಭಯ, ಕಾರ್ಡ್ ಇದ್ದೂ ಇವಳಿಗೆ ಎಷ್ಟು ಸಲ ಆಗಿದೆಯೋ! ದಿನಾ ಪಕ್ಕದಲ್ಲೇ ಕೂತಿದ್ದರೂ ತನಗೆ ಗೊತ್ತೇ ಆಗಿರಲಿಲ್ಲ.

ಚೌಕದ ಕಡೆಯಿಂದ ಮೈಕಿನ ಸದ್ದು ಕೇಳತೊಡಗಿತು.

"ಇವತ್ತು ನಡೆದಿದ್ದನ್ನ ಅಲ್ಲಿ ಹೇಳೋಣ್ವಾ? ನಾನು..." ಎಂದು ಶುರು ಮಾಡಿದ ಲೋವಿಸಾ ತಟ್ಟನೆ ನಿಲ್ಲಿಸಿದಳು. "ಹೇಳೋಣ್ವಾ, ಬೇಡ್ವಾ? ನೀನೇ ಹೇಳು."

ರಾಹ್ವಾ ಲೋವಿಸಾಳ ಬ್ಯಾಗಿನಲ್ಲಿದ್ದ ಪೋಸ್ಟರ್ ಕಡೆ ನೋಡಿದಳು.

"ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ."

ಲೋವಿಸಾ ತಲೆಯಾಡಿಸಿದಳು. ರಾಹ್ವಾಳ ನಡಿಗೆ ಈಗ ನಿಧಾನವಾಗಿತ್ತು.