ಬಕುಲದ ಮೇಲೆ ಉಗುರಿನ ಗುರುತು

“ನೀವು ಕೊಟ್ಟ ಬಕುಲ ಸಾಯ್ಲಿಕ್ಕತ್ತದ. ಏನಂತೀರಿ ಇದಕ್ಕ?”

ಉದುರಿದ ಎಲೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ನರ್ಸರಿಯ ಮೇಜಿನ ಮೇಲೆ ಸುರಿದಿದ್ದೆ. ಮುಧೋಳ ರಸ್ತೆಯ ಆ ನರ್ಸರಿಯ ಪ್ರಭುಲಿಂಗ ಸಿಟ್ಟಾಗಲಿಲ್ಲ. ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ.

“ಮೊದ್ಲ ನೀರ ಕುಡೀರಿ ಮೇಡಂ. ಆಮ್ಯಾಲ ಬೈರಿ.”

ನನಗೆ ಇನ್ನಷ್ಟು ಉರಿಯಿತು. ಎರಡು ತಿಂಗಳ ಹಿಂದೆ ಹೊಸ ಮನೆಗೆ ಗುಲ್‌ಮೊಹರ್ ಕೇಳಿದಾಗಲೂ ಇದೇ ಸಮಾಧಾನ. “ಮ್ಯಾಲ ಕರೆಂಟಿನ ತಂತಿ ಐತೇನು? ನೀರಿನ ಟಾಕಿ ಎಲ್ಲೈತಿ? ಸಂಜಿ ಬಿಸಲ ಯಾವ ಕಿಡಕಿಗೆ ಬಡೀತೈತಿ?” ಎಂದು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಿಸಿ, ಕೊನೆಗೆ ಸಾವಕಾಶ ಬೆಳೆಯುವ ಬಕುಲವನ್ನೇ ಕೊಟ್ಟಿದ್ದ.

ನಾನು ಎಲೆ ಸುರಿದು ಬಂದ ದಿನವೇ ಸಂಜೆ, ಜಮಖಂಡಿಯ ನಮ್ಮ ಮನೆಗೆ ಬಂದು ಗಿಡದ ಬುಡಕ್ಕೆ ಕೈ ಹಾಕಿದವನು ತಟ್ಟನೆ ಹಿಂದಕ್ಕೆಳೆದುಕೊಂಡ.

“ಈ ಪ್ರೆಸ್‌ಮಡ್ ಗೊಬ್ಬರ ಯಾರ ಹಾಕ್ಯಾರ್ರಿ?”

ಕೋರ್ಟಿನಿಂದ ರಿಟೈರ್ ಆದ ನಮ್ಮಪ್ಪ ಪಾಂಡುರಂಗರಾಯರು ಹೆಮ್ಮೆಯಿಂದ ಮುಂದೆ ಬಂದರು. “ನಾನೇ. ಗೆಳೆಯ ಶಿವಯೋಗೆಪ್ಪ ಸಕ್ಕರಿ ಫ್ಯಾಕ್ಟರಿಯಿಂದ ಒಂದು ಟ್ರ್ಯಾಕ್ಟರ್ ಕಬ್ಬಿನ ಮಡ್ಡಿ ತರಿಸಿಕೊಟ್ಟ. ಕಬ್ಬಿಗೆ ಛಲೋ ಅಂದಮ್ಯಾಲ ಬಕುಲಕ್ಕ ಕೆಟ್ಟೇನು?”

“ಹಳೇದಾದ್ರ ಬಂಗಾರರಿ. ಇದು ಹಸೀದೈತಿ, ಒಳಗ ಕಾಯಾಕತ್ತೈತಿ. ಬೇರ ಸುಟ್ಟಾವು.”

ಅಪ್ಪನ ಮುಖ ಸಪ್ಪಗಾಯಿತು. ಅದನ್ನು ನೋಡಿ ಪ್ರಭುಲಿಂಗ ಮೆತ್ತಗೆ ಹೇಳಿದ: “ನಮ್ಮೂರ ಹಿಪ್ಪರಗ್ಯಾಗ ನಮ್ಮಪ್ಪನೂ ಹಿಂಗ ನಾಕ ಮಾವಿನ ಗಿಡ ಕಳಕೊಂಡಾನ್ರಿ. ಪ್ರೀತಿ ಜಾಸ್ತಿ ಆದ್ರ ಹಿಂಗಾಕ್ಕೈತಿ.”

ನನ್ನ ಸಿಟ್ಟು ಅಲ್ಲೇ ಕರಗಿತು. ಅವನು ಕಾಂಡವನ್ನು ಉಗುರಿನಿಂದ ಗೀರಿ, ಒಳಗಿನ ಹಸಿರು ತೋರಿಸಿ, “ಜೀವ ಐತಿ. ಚಿಗುರೊಡೆಯೂ ಮಟ ಬರ್ತೇನಿ. ಚಿಗುರ ಬಂತಂದ್ರ ನನ್ನ ಕೆಲಸ ಮುಗೀತು” ಎಂದ.

ಗೊಬ್ಬರವನ್ನೆಲ್ಲ ತೆಗೆದು ಬುಡ ಬಿಡಿಸಿದ. ಆಮೇಲೆ ಪ್ರತಿ ರವಿವಾರ ಬಂದ. ನಮ್ಮ ಕಪ್ಪು ಎರಿ ಮಣ್ಣು ಮೇಲೆ ಒಣಗಿದ್ದರೂ ಒಳಗೆ ಹಸಿ ಇರುತ್ತದೆ, ಬೆರಳಿಟ್ಟು ನೋಡಿಯೇ ನೀರು ಹಾಕಬೇಕು ಎಂದು ಕಲಿಸಿದ. ಒಂದು ಸಲ ಇಬ್ಬರೂ ಒಂದೇ ಕುಳಿಗೆ ಬೆರಳಿಟ್ಟೆವು. ಬೇಗ ತೆಗೆಯುವ ಮನಸ್ಸು ನನಗಿರಲಿಲ್ಲ.

“ಹಸಿ ಐತೇನ್ರಿ?” ಎಂದ, ಮಣ್ಣು ನೋಡದೆ.

“ಗೊತ್ತಾಗವಲ್ದು” ಎಂದೆ.

ಐದನೇ ವಾರ, ಗುರುವಾರ ಬೆಳಿಗ್ಗೆ, ಟೊಂಗೆಯಲ್ಲಿ ಕೆಂಪು ಚಿಗುರೊಂದು ಕಂಡಿತು. ಕುಣಿದಾಡುವಷ್ಟು ಖುಷಿ, ಮರುಕ್ಷಣವೇ ಭಯ. ಅವನ ಕೆಲಸ ಮುಗಿಯಿತಲ್ಲ! ಅಪ್ಪ ನೋಡುವ ಮೊದಲೇ ಚಿವುಟಿಬಿಟ್ಟೆ. ಮುಂದಿನ ವಾರ ಎರಡು ಬಂದವು, ಅವನ್ನೂ ಚಿವುಟಿದೆ. ನನ್ನ ಮೇಲೆ ನನಗೇ ನಾಚಿಕೆಯಾಗಿತ್ತು.

ಏಳನೇ ರವಿವಾರ ಪ್ರಭುಲಿಂಗ ಟೊಂಗೆ ಹಿಡಿದು, ಚಿವುಟಿದ ತುದಿಯನ್ನು ಬಾಗಿ ನೋಡಿದ.

“ಹುಳ ತಿಂದ್ರ ಹಿಂಗ ಇರೂದಿಲ್ಲ. ಇದು ಉಗುರಿನ ಗುರುತು. ಯಾಕ್ರಿ ಮೃಣ್ಮಯಿ?”

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಸುಳ್ಳು ಹೇಳಲಾಗಲಿಲ್ಲ.

“ಚಿಗುರಿದ್ರ ನೀವು ಬರಂಗಿಲ್ಲಲಾ.”

“ಸುಟ್ಟ ಬೇರಿನ್ಯಾಗ ಜೀವ ಹಿಡಕೊಂಡ ಚಿಗುರಾಕತ್ತೈತಿ ಇದು. ಇನ್ನೆರಡ ಸಲ ಚಿವುಟಿದ್ರ ಸತ್ತ ಹೋಗ್ತಿತ್ತು.” ಅವನ ದನಿ ಗಡುಸಾಗಿತ್ತು. ನನ್ನ ಕಣ್ಣು ತುಂಬಿದವು.

ಅವನು ಟೊಂಗೆ ಬಿಟ್ಟ. “ನನ್ನ ತಪ್ಪೂ ಐತಿ. ಇಂಥಾ ಗಿಡಕ್ಕ ತಿಂಗಳಿಗೊಮ್ಮೆ ಬಂದ್ರ ಸಾಕು. ವಾರಾ ವಾರಾ ಯಾವ ನರ್ಸರಿಯಾವ ಬರ್ತಾನ್ರಿ?”

ಅಳುತ್ತಲೇ ನಕ್ಕೆ.

“ಮುಂದಿನ ರವಿವಾರ ಬರ್ಲೇನು?” ಎಂದ. “ಅಷ್ಟರಾಗ ಗಿಡ ಮುಟ್ಟಬಾರದು ಮತ್ತ.”

ಆ ವಾರ ಮೂರು ಚಿಗುರು ಬಂದವು. ಒಂದನ್ನೂ ಮುಟ್ಟಲಿಲ್ಲ. ರವಿವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ ಪ್ರಭುಲಿಂಗ, ಗಿಡದ ಕಡೆ ತಿರುಗಿಯೂ ನೋಡದೆ ನೇರವಾಗಿ ಹೋಗಿ ಅಪ್ಪನ ಎದುರು ಕೂತ.