ಟೈಲರ್ ಹೆಸರಿನ ಟ್ಯೂಬು

ಟೈಲರ್ ಹೆಸರಿನ ಟ್ಯೂಬಿನಲ್ಲಿದ್ದದ್ದು ಟೈಲರ್ ರಕ್ತವಾಗಿರಲಿಲ್ಲ.

ಲ್ಯಾಬಕ್ಕ ಅದನ್ನು ಕಂಡುಹಿಡಿಯುವ ಹೊತ್ತಿಗೆ ಡಾಕ್ಟರು ರಿಪೋರ್ಟಿಗೆ ಕೈ ಚಾಚಿದ್ದರು.

"ಸೊನ್ನೆ ಬಂದಿದೆಯಲ್ಲ! ಇನ್ನೇನು ಬೇಕು?"

"ತಡೀರಿ ಸಾರ್. ಇದನ್ನ ಕೊಡಲ್ಲ. ಯಾರಿಗೂ ಹೇಳ್ಲೂಬೇಡಿ."

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಹೆಂಗಸು ಆಕೆ. ಟೈಲರ್‌ಗೆ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆಗಿ ವರ್ಷವಾಗಿತ್ತು. ರೋಗ ಬೇರೆಲ್ಲಾದರೂ ಹಬ್ಬಿದರೆ ಅದರ ಡಿಎನ್‌ಎ ಚೂರುಗಳು ಸ್ಕ್ಯಾನಿಗಿಂತ ಮೊದಲೇ ರಕ್ತದಲ್ಲಿ ಸಿಕ್ಕಿಬೀಳಬಹುದು. ಹಿಂದಿನ ಎರಡು ಪರೀಕ್ಷೆಗಳಲ್ಲಿ ಚೂರುಗಳು ಏರುತ್ತಿದ್ದವು. ಈಗ ಇದ್ದಕ್ಕಿದ್ದಂತೆ ಮಾಯ. ಅನುಮಾನ ಬಂದು ಹಳೆಯ ಸ್ಯಾಂಪಲ್ ಪಕ್ಕ ಇಟ್ಟು ನೋಡಿದಳು. ಎರಡೂ ಬೇರೆ ಬೇರೆ ಮನುಷ್ಯರ ರಕ್ತ!

* * *

ಮೊದಲು ಸಿಕ್ಕಿದವನು ಟ್ಯೂಬುಗಳನ್ನು ಹೊತ್ತು ತರುವ ಅಟೆಂಡರ್. ಎಲ್ಲದಕ್ಕೂ ಕಾರಣ ಹೇಳುವ ಅವನಿಗೆ ಆಸ್ಪತ್ರೆ ಇಟ್ಟ ಹೆಸರು ಕುಂಟುನೆಪ.

"ಮೊನ್ನೆ ಟ್ರೇ ಬೀಳಿಸಿದ್ಯಾ?"

"ಲಿಫ್ಟ್ ಕೆಟ್ಟಿತ್ತಕ್ಕ, ಮಂಡಿ ನೋವು ಬೇರೆ..."

"ಬಿತ್ತೋ ಇಲ್ವೋ?"

"ಬಿತ್ತು. ಒಂದೂ ಒಡೀಲಿಲ್ಲ, ದೇವರಾಣೆ!"

ಅಂದಿನ ಇಪ್ಪತ್ಮೂರು ಟ್ಯೂಬುಗಳನ್ನೂ ಲ್ಯಾಬಕ್ಕ ತಡಕಾಡಿದಳು. ಯಾವುದರಲ್ಲೂ ಟೈಲರ್ ರಕ್ತವಿಲ್ಲ. ಅಂದಮೇಲೆ ಅದಲುಬದಲಾಗಿದ್ದು ಟ್ರೇಯಲ್ಲಲ್ಲ. ಕುಂಟುನೆಪ ಬಚಾವಾದ.

ರಕ್ತ ತೆಗೆಯುವ ಕೌಂಟರಿನಲ್ಲಿ ಕೂರುವವಳು ಟೈಲರ್‌ನ ಒಬ್ಬಳೇ ಮಗಳು.

"ನಿಮ್ಮಪ್ಪಂಗೆ ಸೂಜಿ ಚುಚ್ಚಿದ್ದು ನೀನೇನಾ?"

"ಹೂಂ ಅಕ್ಕ. ಸೊನ್ನೆ ಬಂತಲ್ಲ, ರಿಪೋರ್ಟ್ ಯಾವಾಗ ಕೊಡ್ತೀರಿ?"

ಲ್ಯಾಬಕ್ಕ ಸೀದಾ ಲ್ಯಾಬಿಗೆ ಹೋಗಿ ಡಿಎನ್‌ಎ ಗುರುತುಗಳನ್ನು ಒಂದೊಂದಾಗಿ ಹೋಲಿಸುತ್ತ ಕೂತಳು.

* * *

ಮಧ್ಯಾಹ್ನ ಡಾಕ್ಟರ ಕೋಣೆಯಲ್ಲಿ ನಾಲ್ವರಿದ್ದರು: ಡಾಕ್ಟರು, ಟೈಲರ್, ಮಗಳು, ಲ್ಯಾಬಕ್ಕ.

"ಡಿಎನ್‌ಎ ಗುರುತುಗಳು ಜೋಡಿ ಜೋಡಿಯಾಗಿರ್ತವೆ ಸಾರ್. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಈ ಟ್ಯೂಬಲ್ಲಿ ಪ್ರತಿ ಜೋಡೀಲೂ ಒಂದು ಇವರಿಗೆ ಹೊಂದುತ್ತೆ. ಒಂದ್ಕಡೇನೂ ತಪ್ಪಿಲ್ಲ. ಅಂದ್ರೆ ಇವರ ಮಗುವಿನ ರಕ್ತ. ಗಂಡಸಿನ ಗುರುತಿಲ್ಲ, ಅಂದ್ರೆ ಮಗಳು. ಇನ್ನೂ ಒಂದು. ರಿಪೋರ್ಟ್ ನನ್ನ ಕೋಣೆ ದಾಟೇ ಇರ್ಲಿಲ್ಲ. ಸೊನ್ನೆ ಅಂತ ಇವಳಿಗೆ ಹೇಗೆ ಗೊತ್ತಾಯ್ತು?"

ಮಗಳು ಒಪ್ಪಿಕೊಂಡಳು.

"ಹೋದ್ಸಲ ನಂಬರ್ ನೋಡಿ ಅಪ್ಪ ಅಂಗಡಿ ಬಾಗಿಲೇ ತೆಗೀಲಿಲ್ಲ. ಇನ್ನೊಂದ್ಸಲ ಏರಿದ್ರೆ ಔಷಧಿ ಬಿಡ್ತೀನಿ ಅಂದ್ರು. ಅವರ ರಕ್ತ ಚೆಲ್ಲಿ ನನ್ನದು ತುಂಬ್ಸಿದೆ."

"ಬೆಂಕಿ ಬಿದ್ದಿದೆ ಅಂತ ಕೂಗೋ ಬಾಯಿಗೇ ಬಟ್ಟೆ ತುರುಕಿದ್ಯಲ್ಲೇ!" ಎಂದಳು ಲ್ಯಾಬಕ್ಕ.

ಟೈಲರ್ ಅಂಗಿಯ ತೋಳು ಮಡಚಿ ಲ್ಯಾಬಕ್ಕನ ಮುಂದೆ ಕೈ ಚಾಚಿದ.

"ನನ್ನಿಂದ್ಲೇ ಇಷ್ಟೆಲ್ಲಾ ಆಯ್ತು. ಚುಚ್ಚಿ ಅಕ್ಕ. ಏನೇ ಬಂದ್ರೂ ಔಷಧಿ ಬಿಡಲ್ಲ."

* * *

ಹೊಸ ಪರೀಕ್ಷೆಯಲ್ಲಿ ಚೂರುಗಳು ಮೂರು ಪಟ್ಟು ಏರಿದ್ದವು. ಡಾಕ್ಟರು ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯಲ್ಲಿ ಕಡಲೆಕಾಳಿನಷ್ಟು ಒಂದೇ ಒಂದು ಚುಕ್ಕೆ. ರೇಡಿಯೇಷನ್‌ಗೆ ನಿಲುಕುವಂಥದ್ದು.

"ಆ ಸೊನ್ನೆ ನಂಬಿ ಕೂತಿದ್ರೆ ಕೈಮೀರ್ತಿತ್ತು," ಎಂದರು ಡಾಕ್ಟರು. ಸಾಮಾನ್ಯವಾಗಿ ಯಾರನ್ನೂ ಹೊಗಳದ ಮನುಷ್ಯ ಅಂದು ಲ್ಯಾಬಕ್ಕನ ಮುಂದೆ ಎದ್ದು ನಿಂತು ಈ ಮಾತು ಹೇಳಿದರು.

ಮಗಳನ್ನು ಮೂರು ತಿಂಗಳು ಕೆಲಸದಿಂದ ದೂರವಿಟ್ಟರು. ಆಕೆ ದಿನಾ ಅಪ್ಪನನ್ನು ರೇಡಿಯೇಷನ್‌ಗೆ ಕರೆತರುತ್ತಿದ್ದಳು. ಒಂದು ದಿನ ಮೊಗಸಾಲೆಯಲ್ಲಿ ಟೈಲರ್ ಲ್ಯಾಬಕ್ಕನನ್ನು ತಡೆದ.

"ನನ್ನ ಮಗಳನ್ನ ಹಿಡಿದ್ರಿ ಅಂತ ನಿಮ್ಮ ಮೇಲೆ ಸಿಟ್ಟಿತ್ತು."

"ಈಗ?"

"ರೋಗಾನೂ ನೀವೇ ಹಿಡಿದ್ರಲ್ಲ, ತಾಯಿ."